ಬೇರಿಂಗ್ ಒಳಗೆ ಹೋಗದ ಹೌಸಿಂಗ್‌ಗಳು

ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಒಂಬತ್ತು ವರ್ಷ ದುಡಿದ ಮೇಲೆ ನಾನು ಎಂಜಿನಿಯರಿಂಗ್ ಕಾಲೇಜಿನ ಬೋಧಕನಾದೆ. 2011ರ ಹ್ಯಾನೋವರ್ ಮೇಳದಲ್ಲಿ ಜರ್ಮನಿಯವರು ಸಾರ್ವಜನಿಕವಾಗಿ ಮುಂದಿಟ್ಟ ‘ಇಂಡಸ್ಟ್ರಿ 4.0’ (ಕಾರ್ಖಾನೆಯ ಯಂತ್ರಗಳನ್ನು ಡೇಟಾ ಜಾಲಕ್ಕೆ ಜೋಡಿಸುವ ಪದ್ಧತಿ) ಎಂಬ ಹೆಸರು ನಮ್ಮ ಮೆಕ್ಯಾನಿಕಲ್ ವಿಭಾಗಕ್ಕೆ ತಲುಪುವ ಹೊತ್ತಿಗೆ, ಸೆನ್ಸರ್, ಡೇಟಾ, ಡ್ಯಾಶ್‌ಬೋರ್ಡ್ ಎಂಬ ಮಾತುಗಳು ವಿದ್ಯಾರ್ಥಿಗಳ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದ್ದವು. ಅವರ ಉತ್ಸಾಹ ನನಗೂ ಸಂತೋಷ ಕೊಟ್ಟಿತ್ತು. ಅಂಥ ಒಂದು ಅಂತಿಮ ವರ್ಷದ ತಂಡದ ಪ್ರಾಜೆಕ್ಟಿಗೆ ಮಾರ್ಗದರ್ಶನ ಮಾಡುವಾಗ ನಾನು ಎಡವಿದ್ದು ಎಲ್ಲಿ ಎಂಬುದನ್ನು, ಇದೇ ಕೆಲಸದಲ್ಲಿರುವ ಇತರ ಬೋಧಕರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ತಂಡ ಆರಿಸಿಕೊಂಡ ಜಾಬ್ (ಯಂತ್ರದ ಮೇಲೆ ಮಾಡುವ ತುಂಡು) ಸರಳವಾದದ್ದು: 6211 ಎಂಬ ಸಂಖ್ಯೆಯ ಬೇರಿಂಗ್ ಕೂರುವ ಅಲ್ಯುಮಿನಿಯಂ ಹೌಸಿಂಗ್, ಅಂದರೆ ಕವಚ. ಆ ಬೇರಿಂಗಿನ ಹೊರವ್ಯಾಸ 100 ಮಿಲಿಮೀಟರ್. ಹೌಸಿಂಗಿನ ಬೋರಿಗೆ, ಅಂದರೆ ಬೇರಿಂಗ್ ಕೂರುವ ರಂಧ್ರಕ್ಕೆ, ಎಚ್7 ಟಾಲರೆನ್ಸ್ (ಅಳತೆ ಹೆಚ್ಚುಕಡಿಮೆಯಾಗಲು ಬಿಡುವ ಅವಕಾಶ) ಕೊಟ್ಟಿದ್ದರು. ಎಂದರೆ ಅಳತೆ 100.000ರಿಂದ 100.035 ಮಿಲಿಮೀಟರಿನೊಳಗೆ ಇರಬೇಕು. ಸಿಎನ್‌ಸಿ ಲೇತಿನಲ್ಲಿ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ) ಬೋರ್ ಮಾಡಿದ ಕೂಡಲೇ ಅದನ್ನು ಡಿಜಿಟಲ್ ಬೋರ್ ಗೇಜಿನಿಂದ ಅಳೆಯುವುದು, ಆ ಅಳತೆ ನೇರವಾಗಿ ಕಂಪ್ಯೂಟರಿಗೆ ಹೋಗುವುದು, ಕಂಪ್ಯೂಟರ್ ಅದನ್ನು ಗುರಿಯ ಅಳತೆಯಾದ 100.018ರೊಂದಿಗೆ ಹೋಲಿಸಿ ಮುಂದಿನ ಜಾಬಿಗೆ ಕತ್ತರಿಸುವ ಉಳಿಯ ಸ್ಥಾನವನ್ನು, ಅಂದರೆ ಟೂಲ್ ಆಫ್‌ಸೆಟ್ಟನ್ನು ತಾನೇ ತಿದ್ದುವುದು, ಇದು ಅವರು ಕಟ್ಟಿದ ವ್ಯವಸ್ಥೆ. ಟೂಲ್ ಸವೆದಂತೆ ಬೋರ್ ಕಿರಿದಾಗುತ್ತದೆ. ಆ ಸವೆತವನ್ನು ಮನುಷ್ಯರ ಕೈ ಸೋಕದೆ ಸರಿದೂಗಿಸುವುದು ಅವರ ಉದ್ದೇಶ. ಕೂಲೆಂಟ್ (ಕತ್ತರಿಸುವಾಗ ತಂಪಿಗೆ ಸುರಿಸುವ ದ್ರವ) ಹರಿಸಿದರೆ ಬೋರ್ ಒದ್ದೆಯಾಗಿ ಅಳತೆಗೆ ತೊಂದರೆಯಾಗುತ್ತದೆ ಎಂದು ಒಣ ಕಟಿಂಗ್ ಮಾಡಲು ಅನುಮತಿ ಕೇಳಿದರು, ಕೊಟ್ಟೆ.

ಒಂದು ಸಂಜೆ ಹನ್ನೆರಡು ಹೌಸಿಂಗ್ ಮಾಡಿದರು. ಮೊದಲ ಎರಡು ಮೂರರ ನಂತರ ಎಲ್ಲ ಅಳತೆಗಳೂ ಪರದೆಯ ಮೇಲೆ 100.018ರ ಆಸುಪಾಸಿನಲ್ಲಿ ಹಸಿರು ಗೆರೆಯ ಹಾಗೆ ನಿಂತವು. ಮರುದಿನ ಬೆಳಿಗ್ಗೆ ಬೇರಿಂಗ್ ಹಿಡಿದು ಜೋಡಿಸಲು ಹೋದರೆ, ಮೊದಲನೆಯದನ್ನು ಬಿಟ್ಟು ಬೇರೆ ಒಂದಕ್ಕೂ ಅದು ಕೈಯೊತ್ತಿಗೆ ಇಳಿಯಲಿಲ್ಲ. ಅದೇ ಗೇಜಿನಿಂದ ಮತ್ತೆ ಅಳೆದಾಗ ಹೆಚ್ಚಿನವು 99.985ರ ಹತ್ತಿರ ಬಂದವು.

ನಮ್ಮ ವರ್ಕ್‌ಶಾಪಿನ ಹಿರಿಯ ಇನ್‌ಸ್ಟ್ರಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಅಳೆಯೋವಾಗ ಜಾಬ್ ಮುಟ್ಟಿ ನೋಡಿದ್ರಾ?”

ಯಾರೂ ಮುಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ. ಇನ್ನೊಂದು ಹೌಸಿಂಗನ್ನು ಅದೇ ರೀತಿ ಒಣ ಕಟಿಂಗಿನಲ್ಲಿ ಮಾಡಿ ಉಷ್ಣತೆ ನೋಡಿದಾಗ, 26 ಡಿಗ್ರಿಯ ಕೋಣೆಯಲ್ಲಿ ಜಾಬ್ 41 ಡಿಗ್ರಿಯಲ್ಲಿತ್ತು. ಅಲ್ಯುಮಿನಿಯಂ ಪ್ರತಿ ಡಿಗ್ರಿಗೆ ಒಂದು ಮೀಟರಿಗೆ ಸುಮಾರು 23 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹಿಗ್ಗುತ್ತದೆ. ಆ ಲೆಕ್ಕದಲ್ಲಿ 100 ಮಿಲಿಮೀಟರ್ ವ್ಯಾಸಕ್ಕೆ ಡಿಗ್ರಿಗೆ 2.3 ಮೈಕ್ರಾನ್, 15 ಡಿಗ್ರಿಗೆ 34.5 ಮೈಕ್ರಾನ್, ಎಚ್7 ಕೊಟ್ಟ 35 ಮೈಕ್ರಾನಿನ ಅವಕಾಶವನ್ನು ಬಿಸಿಯೊಂದೇ ನುಂಗಿಹಾಕಿತ್ತು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸರಿಯಾಗಿಯೇ ಬಂದಿದ್ದ ಬೋರ್ ಬಿಸಿಯಲ್ಲಿ ದೊಡ್ಡದಾಗಿ ಕಂಡಿತು, ಕಂಪ್ಯೂಟರ್ ಅದನ್ನು ನಂಬಿ ಮುಂದಿನ ಬೋರನ್ನು ಕಿರಿದು ಮಾಡಿತು, ಹೀಗೆ ತಪ್ಪಿಲ್ಲದ ಯಂತ್ರಕ್ಕೆ ತಪ್ಪನ್ನು ಕಲಿಸಿಕೊಟ್ಟದ್ದೇ ನಮ್ಮ ತಿದ್ದುಪಡಿಯ ವ್ಯವಸ್ಥೆಯಾಯಿತು. ಅದು ಇಲ್ಲದಿದ್ದರೆ ಮೊದಲ ಇನ್ನಷ್ಟು ಜಾಬುಗಳಾದರೂ ಉಳಿಯುತ್ತಿದ್ದವು.

ಉದ್ದದ ಅಳತೆಗಳಿಗೆ ಆಧಾರ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಎಂಬುದನ್ನು ಆ ವಿದ್ಯಾರ್ಥಿಗಳು ಮೆಟ್ರಾಲಜಿ (ಅಳತೆಶಾಸ್ತ್ರ) ಪರೀಕ್ಷೆಯಲ್ಲಿ ಬರೆದಿದ್ದರು, ಅಂಕವನ್ನೂ ಪಡೆದಿದ್ದರು. ಆದರೆ ಮೆಟ್ರಾಲಜಿ ಒಂದು ಸೆಮಿಸ್ಟರಿನ ಲ್ಯಾಬ್, ಸಿಎನ್‌ಸಿ ಮತ್ತೊಂದರದು, ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು) ಅದಕ್ಕೂ ಮೊದಲಿನದು, ಸೆನ್ಸರುಗಳ ಪಾಠ ಬೇರೆ ವಿಭಾಗದ್ದು. ಈ ನಾಲ್ಕೂ ಒಂದೇ ಲೋಹದ ತುಂಡಿನಲ್ಲಿ ಸೇರುವ ಸಂದರ್ಭವನ್ನು ನಾವು ಎಲ್ಲಿಯೂ ಒದಗಿಸಿರಲಿಲ್ಲ. ವಿದ್ಯಾರ್ಥಿಗಳನ್ನು ದೂರುವುದು ಅನ್ಯಾಯವಾಗುತ್ತಿತ್ತು. ಟೂಲ್‌ರೂಮಿನಲ್ಲಿ ಅಷ್ಟು ವರ್ಷ ಜಾಬ್ ಆರಲು ಬಿಟ್ಟೇ ಗೇಜ್ ಹಾಕಿದ್ದ ನಾನು, ಪರದೆಯ ಮುಂದೆ ಕೂತಾಗ ಆ ಅಭ್ಯಾಸವನ್ನೇ ಮರೆತಿದ್ದೆ.

ಮುಂದಿನ ವರ್ಷದಿಂದ ಒಂದೇ ಹೌಸಿಂಗನ್ನು ಎರಡು ಸೆಮಿಸ್ಟರ್ ಉದ್ದಕ್ಕೂ ನಡೆಸುತ್ತಿದ್ದೇವೆ. ಚಿತ್ರ ಬರೆದವರೇ ಪ್ರತಿ ಟಾಲರೆನ್ಸಿಗೂ ಕಾರಣ ಬರೆಯಬೇಕು, ಅವರೇ ಯಂತ್ರದ ಮೇಲೆ ಮಾಡಬೇಕು, ಅವರೇ ಅಳೆಯಬೇಕು. ಅಳತೆಯ ಜೊತೆಗೆ ಜಾಬಿನ ಉಷ್ಣತೆ, ಗೇಜನ್ನು ಸೆಟ್ಟಿಂಗ್ ರಿಂಗಿನಲ್ಲಿ (ನಿಖರ ಅಳತೆ ಗೊತ್ತಿರುವ ಉಂಗುರ) ಸರಿಮಾಡಿದ ಹೊತ್ತು, ಟೂಲಿನ ಎಷ್ಟನೆಯ ಜಾಬ್ ಎಂಬುದು ದಾಖಲಾಗದಿದ್ದರೆ ಆ ಅಂಕಿಯನ್ನು ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ. ಮೊದಲ ತಿಂಗಳು ಆಫ್‌ಸೆಟ್ಟನ್ನು ಕೈಯಿಂದಲೇ ತಿದ್ದುತ್ತಾರೆ. ವ್ಯವಸ್ಥೆ ಸೂಚಿಸುವ ತಿದ್ದುಪಡಿಯನ್ನು ಒಪ್ಪುವ ಅಥವಾ ತಳ್ಳುವ ಕಾರಣವನ್ನು ಒಂದು ಸಾಲಿನಲ್ಲಿ ಬರೆದು ತೋರಿಸಿದ ಮೇಲಷ್ಟೇ ಸ್ವಯಂಚಾಲಿತ ತಿದ್ದುಪಡಿಗೆ ಅನುಮತಿ. ಇದರಿಂದ ಪ್ರಾಜೆಕ್ಟುಗಳು ನಿಧಾನವಾಗಿವೆ, ಪ್ರದರ್ಶನಕ್ಕೆ ಇಡುವಂಥದ್ದೂ ಕಡಿಮೆಯಾಗಿದೆ. ಹಾಗಿದ್ದರೂ ಈ ನಿಧಾನವನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ.

ದೊಡ್ಡ ಯಂತ್ರಗಳು ಇಲ್ಲವೆಂಬ ಕೊರಗು ನಮ್ಮಂಥ ಕಾಲೇಜುಗಳಲ್ಲಿ ಸದಾ ಇರುತ್ತದೆ. ಅವುಗಳನ್ನು ನೋಡಲು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1962ರಲ್ಲಿ ಆರಂಭವಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಂಥ ಜಾಗಗಳಿವೆ. ಆದರೆ ನಮ್ಮ ಹೌಸಿಂಗಿಗೆ ಬೇಕಾಗಿದ್ದ ಸೆನ್ಸರ್, ಜಾಬಿನ ಉಷ್ಣತೆಯನ್ನು ಅಳೆಯುವ ಒಂದು ಸಾಮಾನ್ಯ ಥರ್ಮೋಕಪಲ್ ಮಾತ್ರ.

ಆ ಹನ್ನೆರಡು ಹೌಸಿಂಗುಗಳನ್ನು ನಾನು ಗುಜರಿಗೆ ಹಾಕಲಿಲ್ಲ. ಪ್ರತಿ ವರ್ಷ ಹೊಸ ತಂಡ ಬಂದ ಮೊದಲ ದಿನ, ಕಂಪ್ಯೂಟರ್ ಹಚ್ಚುವ ಮೊದಲು, ಅವುಗಳನ್ನು ಬೆಂಚಿನ ಮೇಲಿಟ್ಟು, ಪಕ್ಕದಲ್ಲಿ ಒಂದು 6211 ಬೇರಿಂಗನ್ನೂ ಅಂದಿನ ಹಸಿರು ಗೆರೆಯ ಅಚ್ಚು ಪ್ರತಿಯನ್ನೂ ಇಡುತ್ತೇನೆ. ಬೇರಿಂಗ್ ಏಕೆ ಇಳಿಯುತ್ತಿಲ್ಲ ಎಂದು ಅವರೇ ಹುಡುಕಬೇಕು. ಕಳೆದ ಸಲ ಒಬ್ಬ ವಿದ್ಯಾರ್ಥಿನಿ ಗೆರೆಯನ್ನು ಬಹಳ ಹೊತ್ತು ನೋಡಿ, ಈ ಅಳತೆಗಳನ್ನು ಎಷ್ಟು ಗಂಟೆಗೆ ತೆಗೆದದ್ದು ಎಂದು ಕೇಳಿದಳು.