ಏಳು ಜನ ಧಣಿಗಳು, ಒಂದು ಕರಾರು

ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ, ನೋಂದಣಿಯಾದ ಮೇಲೆ ಪಾಲುದಾರರ ಕರಾರನ್ನು 30 ದಿನದೊಳಗೆ ಸಲ್ಲಿಸಬೇಕು. ಗಡುವು ಮುಗಿಯುವ ಮುಂಚಿನ ಶನಿವಾರ ನಾವು ಏಳೂ ಜನ ಪಾಲುದಾರರು ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿರುವ ನಮ್ಮ ಸಿಎ ಆಫೀಸಿನಲ್ಲಿ ಕೂತೆವು. ಹೊರಗೆ ಆಟಿಯ ಮಳೆ. ಸಹಿ ಹಾಕಿ ಊಟಕ್ಕೆ ಹೋಗುವುದೆಂದು ಬಂದವರು ಎದ್ದದ್ದು ಸಂಜೆ.

ಮೊದಲು ನಾವೆಲ್ಲ ಒಂದೇ ಕಂಪನಿಯಲ್ಲಿದ್ದವರು. ಅಲ್ಲಿ ಇಸಾಪ್, ಅಂದರೆ ನೌಕರರಿಗೇ ಕಂಪನಿಯ ಷೇರು ಕೊಡುವ ಯೋಜನೆಯ ಮಾತು ಬಂದಿತ್ತು. ಆದರೆ ಖಾಸಗಿ ಕಂಪನಿಯ ಷೇರನ್ನು ಸಂತೆಯಲ್ಲಿ ಮಾರಲಾಗುತ್ತದೆಯೇ? ಅದನ್ನು ಹೆಸರಿಗೆ ಮಾಡಿಸಿಕೊಂಡಾಗ, ಅದರ ಬೆಲೆಗೂ ನಾವು ಕೊಟ್ಟ ಹಣಕ್ಕೂ ಇರುವ ವ್ಯತ್ಯಾಸವನ್ನು ಸಾಮಾನ್ಯವಾಗಿ ಸಂಬಳಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಕಾಸು ಕಾಣುವ ಮೊದಲೇ ತೆರಿಗೆ. ಅದಕ್ಕಿಂತ ದುಡಿಯುವವರೇ ಧಣಿಗಳಾಗುವ ಸಂಸ್ಥೆ ಕಟ್ಟೋಣ ಎಂದು ಹೊರಟೆವು.

ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದವಳು, ಹಾಗಾಗಿ ನನ್ನ ತಲೆಯಲ್ಲಿದ್ದದ್ದು ಕೇರಳದ ಕಣ್ಣೂರಿನ ಕತೆ. 1966ರ ಬೀಡಿ ಕಾರ್ಮಿಕರ ಕಾನೂನನ್ನು ಜಾರಿ ಮಾಡಬೇಕಾಗಿ ಬಂದಾಗ ಮಂಗಳೂರಿನ ಧಣಿಗಳು ಅಲ್ಲಿನ ಕಾರ್ಖಾನೆಗಳಿಗೆ ಬೀಗ ಹಾಕಿದರು. ಕೆಲಸ ಹೋದವರು ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಬೀಡಿ ಸೇದುವವರು ಕಡಿಮೆಯಾದಂತೆ ಕೊಡೆ ಮಾಡಿದರು, ತೆಂಗಿನ ಹಾಲು ಮಾಡಿದರು, ಸಾಫ್ಟ್‌ವೇರಿಗೂ ಕೈ ಹಾಕಿದರು. ಇದನ್ನೆಲ್ಲ ನಾನು ಮೊದಲ ಭೇಟಿಯಲ್ಲೇ ಹುರುಪಿನಿಂದ ಹೇಳಿದ್ದೆ. “ಒಳ್ಳೆಯದೇ ಮಾರಾಯ್ರೆ, ಆದರೆ ಸಹಕಾರ ಸಂಘಕ್ಕೆ ನಿಮ್ಮ ಏಳು ತಲೆ ಸಾಲುವುದಿಲ್ಲ” ಎಂದಿದ್ದರು ಸಿಎ. ಹಾಗೆ ಎಲ್‌ಎಲ್‌ಪಿ.

ಆ ಶನಿವಾರ ಅವರು 2008ರ ಎಲ್‌ಎಲ್‌ಪಿ ಕಾನೂನಿನ ಮೊದಲ ಅನುಸೂಚಿಯನ್ನು ಓದಿ ಹೇಳಿದರು. ಕರಾರಿನಲ್ಲಿ ಏನೂ ಬರೆಯದಿದ್ದರೆ ಲಾಭ ಎಲ್ಲರಿಗೂ ಸಮಪಾಲು, ಒಬ್ಬರಿಗೆ ಒಂದೇ ಮತ, ಹೊಸಬರನ್ನು ಸೇರಿಸಲು ಎಲ್ಲರ ಒಪ್ಪಿಗೆ ಬೇಕು. ನಾವು ವಾರಗಟ್ಟಲೆ ಜಗಳಾಡಿ ಬರೆದದ್ದರಲ್ಲಿ ಅರ್ಧ ಅಲ್ಲಿ ಮೊದಲೇ ಇತ್ತು! ಬರೆಯಲೇಬೇಕಾದದ್ದು ತಿಂಗಳ ಹಣದ ವಿಷಯ: ಕರಾರಿನಲ್ಲಿಲ್ಲದಿದ್ದರೆ ಪಾಲುದಾರನಿಗೆ ದುಡಿಮೆಯ ಸಂಭಾವನೆ ಕೇಳುವ ಹಕ್ಕಿಲ್ಲ. ಅದನ್ನು ಬರೆಸಿದೆವು. ನಮ್ಮಲ್ಲೊಬ್ಬಳಿಗೆ ಮನೆ ಸಾಲ ಬೇಕಿತ್ತು. “ಇನ್ನು ಸ್ಯಾಲರಿ ಸ್ಲಿಪ್ ಇಲ್ಲವಾ?” ಎಂದು ಕೇಳಿದಳು. ಇಲ್ಲ, ಪಿಎಫ್ ಕೂಡ ಇಲ್ಲ. ಪಾಲುದಾರ ನೌಕರನಲ್ಲ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಧಣಿಯಾಗುವುದರ ಈ ಬದಿಯನ್ನು ಯಾರೂ ಜಾಹೀರಾತು ಮಾಡುವುದಿಲ್ಲ.

ಹೊತ್ತು ತಿಂದದ್ದು ಬಿಟ್ಟು ಹೋಗುವವರ ಲೆಕ್ಕ. ಹಾಕಿದ ಬಂಡವಾಳ, ಹೋಗುವ ದಿನದವರೆಗಿನ ಹಂಚದ ಲಾಭದ ಪಾಲು, ಇವೆರಡಕ್ಕೆ ತಕರಾರಿಲ್ಲ. ವಿದೇಶದ ಗಿರಾಕಿ ಇನ್ನೂ ಕೊಡದ ಇನ್‌ವಾಯ್ಸಿನದ್ದು ಹಣ ಬಂದ ಮೇಲೆ. ಆದರೆ ಕಂಪನಿಯ ಹೆಸರಿಗೆ, ಗಳಿಸಿದ ಗಿರಾಕಿಗಳಿಗೆ ಬೆಲೆ ಕಟ್ಟಬೇಕೇ? “ಹತ್ತು ವರ್ಷ ದುಡಿದು ಬರಿಗೈಯಲ್ಲಿ ಹೋಗುವುದಾ?” ಎಂದು ನಮ್ಮಲ್ಲಿ ಹಿರಿಯ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೂ ನಾನು ಸೊನ್ನೆಯ ಪಕ್ಷ. ಹೋಗುವವರಿಗೆ ದೊಡ್ಡ ಬೆಲೆ ಕೊಡಬೇಕಾದರೆ ಉಳಿದವರು ಸಾಲ ಮಾಡಬೇಕು, ಆಗದಿದ್ದರೆ ಹೊರಗಿನವನಿಗೆ ಮಾರಬೇಕು. ಅಮೆರಿಕದ ಪ್ಲೈವುಡ್ ಸಹಕಾರಿ ಕಾರ್ಖಾನೆಗಳಲ್ಲಿ ಹೀಗೇ ಆಯಿತು: ಷೇರಿನ ಬೆಲೆ ಏರಿ ಏರಿ ಹೊಸ ಕೆಲಸಗಾರನ ಕೈಗೆ ಎಟುಕದೆ ಹೋಯಿತು. ಹಿರಿಯ ಒಪ್ಪಲಿಲ್ಲ. ಕೊನೆಗೆ, ಬಿಟ್ಟು ಹೋಗುವವರಿಗೆ ಮುಂದಿನ ಒಂದು ವರ್ಷದ ಲಾಭದಲ್ಲಿ ಅವರ ಪಾಲಿನ ಅರ್ಧ ಎಂದು ಬರೆದೆವು. ಯಾರಿಗೂ ಪೂರ್ತಿ ಸಮಾಧಾನವಿಲ್ಲ, ಅದಕ್ಕೇ ಅದು ನಿಂತೀತು ಅನಿಸುತ್ತದೆ.

ಸೋಮವಾರ ಕರಾರು ಸಲ್ಲಿಕೆಯಾಯಿತು. ಟ್ರೈನಿಯಾಗಿ ಸೇರಿದ ಹುಡುಗನಿಗೆ ಪ್ರತಿ ಕೊಟ್ಟೆವು. ಅವನು ಪೂರ್ತಿ ಓದಿದ, ನಮ್ಮಲ್ಲಿ ಕೆಲವರು ಓದಿದ್ದಕ್ಕಿಂತ ಚೆನ್ನಾಗಿ. “ನಾನು ಪಾಲುದಾರನಾಗಲು ಎರಡು ವರ್ಷ ಕಾಯಬೇಕು ಅಂತ ಇದೆಯಲ್ಲ, ನೀವು ಎಷ್ಟು ಕಾದಿರಿ?” ಎಂದು ಕೇಳಿದ. ಮುಂದಿನ ಶನಿವಾರದ ಮೀಟಿಂಗಿಗೆ ಅದೇ ಮೊದಲ ವಿಷಯ. ಅವನಿಗೂ ಬರಲು ಹೇಳಿದ್ದೇವೆ.