66 ಮಿಲಿಮೀಟರ್ ಉದ್ದದ ವ್ಯಾಗನ್

ಬ್ರಿಟನ್ನಿನ ಹಳಿಗಳ ಮೇಲೆ ಒಂದು ಕಾಲಕ್ಕೆ ಲಕ್ಷಗಟ್ಟಲೆ ಓಡಾಡಿದ, ಯಾರೂ ತಿರುಗಿ ನೋಡದ ಗಾಡಿ ಅದು. ಹದಿನಾರು ಟನ್ ಕಲ್ಲಿದ್ದಲು ಹೊರುವ, ನಾಲ್ಕೇ ಚಕ್ರದ, ಮೇಲೆ ಬಾಯಿ ತೆರೆದ ಉಕ್ಕಿನ ಡಬ್ಬಿ. ಇಂಗ್ಲೆಂಡಿನ ಡರ್ಬಿಗೆ ಬಂದು ನೆಲೆಸಿದ ಮೇಲೆ ಮಾಡೆಲ್ ರೈಲಿನ ಹುಚ್ಚು ಹತ್ತಿದ ನಾನು ಎಂಜಿನ್‌ಗಳನ್ನು ಬಿಟ್ಟು ಇಂಥವುಗಳ ಹಿಂದೆ ಬಿದ್ದಿದ್ದೇನೆ. ಎಂಜಿನ್ ರೆಡಿಮೇಡ್ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಕೈಕೆಲಸದ ಸುಖ ಇರುವುದು ಪ್ಲಾಸ್ಟಿಕ್ ಕಿಟ್ಟಿನಲ್ಲಿ.

ಡಿಸೆಂಬರಿನ ಒಂದು ಭಾನುವಾರ ಅಡುಗೆಮನೆಯ ಟೇಬಲ್ಲಿನ ಮೇಲೆ ಕಿಟ್ಟಿನ ಡಬ್ಬಿ ಬಿಚ್ಚಿದೆ. ಇಲ್ಲಿ ಒಂದು ಅಡಿಗೆ 4 ಮಿ.ಮೀ. ಲೆಕ್ಕ. ಹದಿನಾರೂವರೆ ಅಡಿಯ ವ್ಯಾಗನ್ 66 ಮಿ.ಮೀ.ಗೆ ಇಳಿಯುತ್ತದೆ, ಎರಡು ಅಚ್ಚುಗಳ ನಡುವಿನ 9 ಅಡಿ 36 ಮಿ.ಮೀ. ಆಗುತ್ತದೆ. ಅದೇ ಲೆಕ್ಕದಲ್ಲಿ 1 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಗೋಡೆ ಅಂದರೆ ಮೂರು ಇಂಚಿನ ಉಕ್ಕು! ತೆಳ್ಳನೆಯ ತಗಡಿನ ಗಾಡಿಗೆ ಕೋಟೆಗೋಡೆ ಕಟ್ಟಿದ ಹಾಗೆ ಕಾಣುತ್ತದೆ. ಹಾಗಾಗಿ ಮೊದಲ ಕೆಲಸ, ಗೋಡೆಯ ಮೇಲಂಚನ್ನು ಒಳಗಿನಿಂದ ಓರೆಯಾಗಿ ಅರದಿಂದ ಉಜ್ಜುವುದು. ಹೊರಗಿನಿಂದ ನೋಡುವವರಿಗೆ ಅಂಚು ಮಾತ್ರ ಕಾಣುತ್ತದೆ, ಅಷ್ಟು ತೆಳುವಾದರೆ ಸಾಕು.

ಅಂಟು ಅಂದರೆ ಇಲ್ಲಿ ನೀರಿನಂಥ ದ್ರಾವಕ. ಕುಂಚದ ತುದಿಯಲ್ಲಿ ಒಂದು ಹನಿ ತೆಗೆದು ಕೂಡುಗೆರೆಗೆ ತಾಗಿಸಿದರೆ ತಾನೇ ಒಳಗೆ ಹರಿದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ವಾಸನೆ ಮಾತ್ರ ಕೇಳಬೇಡಿ. "ರೀ, ಕಿಟಕಿ ತೆಗೀರಿ, ಸಾರಿಗೂ ಅದ ವಾಸನಿ ಹತ್ತತದ" ಎಂದು ಹೆಂಡತಿ ಅಂದಳು. ತೆಗೆದೆ, ಇಬ್ಬರೂ ನಡುಗಿದೆವು.

ಅಡಿಚೌಕಟ್ಟನ್ನು ಕನ್ನಡಿಯ ಮೇಲಿಟ್ಟು ಕೂಡಿಸಿದೆ. ಚಕ್ರದ ಅಚ್ಚಿನ ಚೂಪು ತುದಿಗಳು ಕೂರಲು ಹಿತ್ತಾಳೆಯ ಪುಟ್ಟ ಬಟ್ಟಲುಗಳಿವೆ. ಅವು ನೇರ ಕೂತು, ನಾಲ್ಕೂ ಚಕ್ರ ಕನ್ನಡಿಗೆ ತಾಗಿದರೆ ಗಾಡಿ ಉಸಿರು ಬಿಟ್ಟರೂ ಉರುಳುತ್ತದೆ. ಒಂದು ಚಕ್ರ ಕೂದಲೆಳೆಯಷ್ಟು ಎದ್ದರೂ ಹಳಿ ಕವಲೊಡೆಯುವ ಪಾಯಿಂಟ್ ದಾಟುವಾಗ ಹಳಿ ತಪ್ಪುವುದು ಖಂಡಿತ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಅಪ್ಪನ ವಿಡಿಯೋ ಕಾಲ್ ಬಂತು. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿ ನಿವೃತ್ತರಾದವರು. ಗಾಡಿಯನ್ನು ಬೋರಲು ಹಾಕಿ ಕ್ಯಾಮೆರಾಕ್ಕೆ ಹಿಡಿದೆ.

"ಇದೇನೋ ತಮ್ಮಾ, ಒಂದ ಕಡೀಗಷ್ಟ ಬ್ರೇಕ್ ಬ್ಲಾಕ್ ಅದಾವಲ್ಲ? ಆ ಕಡೀವು ಡಬ್ಬ್ಯಾಗ ಉಳದಾವೇನ ನೋಡು."

"ಇಲ್ರಿ ಅಪ್ಪಾ, ಇಂಥಾವು ಭಾಳ ಗಾಡಿ ಹಿಂಗ ಇದ್ವು. ಹಿಡಿಕಿ ಎರಡೂ ಕಡೆ, ಬ್ಲಾಕ್ ಒಂದ ಕಡೆ."

"ವ್ಯಾಕ್ಯೂಮ್?" ಎಂಜಿನ್ನಿನಿಂದಲೇ ಇಡೀ ರೈಲಿಗೆ ಒಟ್ಟಿಗೆ ಹತ್ತುವ ಬ್ರೇಕಿನ ಮಾತು.

"ಅದೂ ಇಲ್ರಿ."

"ವ್ಯಾಕ್ಯೂಮ್ ಇಲ್ಲದ ಗೂಡ್ಸ್ ಹೆಂಗ ನಿಲ್ಲಸ್ತಿದ್ರಪಾ?"

ಎಂಜಿನ್ನಿನ ಬ್ರೇಕು, ಕೊನೆಯಲ್ಲಿ ಗಾರ್ಡನ ಬ್ರೇಕ್ ವ್ಯಾನು, ಅಷ್ಟೇ. ಕಡಿದಾದ ಇಳಿಜಾರು ಬಂದರೆ ಗಾಡಿ ನಿಲ್ಲಿಸಿ, ಗಾರ್ಡ್ ಇಳಿದು ಸಾಲಿನುದ್ದಕ್ಕೂ ನಡೆದು ವ್ಯಾಗನ್ನುಗಳ ಹಿಡಿಕೆ ಒತ್ತಿ ಪಿನ್ ಹಾಕಬೇಕಿತ್ತು. ಕೆಳಗೆ ತಲುಪಿದ ಮೇಲೆ ಮತ್ತೆ ನಿಲ್ಲಿಸಿ ಬಿಚ್ಚಬೇಕು. ಅಪ್ಪ ಅರ್ಧ ಮಾತ್ರ ಕೇಳಿಸಿಕೊಂಡರು. ಅವರ ತಲೆ ಹಿಡಿಕೆಯಲ್ಲೇ ಸಿಕ್ಕಿಕೊಂಡಿತ್ತು. ಯಾವ ಬದಿಗೆ ನಿಂತು ನೋಡಿದರೂ ಹಿಡಿಕೆ ಬಲಗೈ ಕಡೆಗೇ ಇದೆ. ನಡುವೆ ಒಂದೇ ಅಡ್ಡ ಶಾಫ್ಟು. ಈ ಕಡೆ ಒತ್ತಿದರೆ ಒಂದು ದಿಕ್ಕಿಗೆ ತಿರುಗುವ ಶಾಫ್ಟು, ಆ ಕಡೆ ಒತ್ತಿದರೆ ಉಲ್ಟಾ ತಿರುಗಬೇಕಲ್ಲ? ಬ್ರೇಕ್ ಹತ್ತುವ ಬದಲು ಬಿಡುತ್ತದೆ. ಅಪ್ಪ ಎರಡೂ ಅಂಗೈ ತಿರುವಿ ತಿರುವಿ ನೋಡಿದರು.

"ಒಂದ ಕಡೆ ಹಿಡಿಕಿ ಬುಡಕ್ಕ ಕ್ಯಾಮ್ ಇರಬೇಕು. ದಿಕ್ಕು ಬದಲಸಾಕ. ಹುಡುಕು."

ಭೂತಗನ್ನಡಿ ಹಿಡಿದೆ. ಇತ್ತು! ಸಾಸಿವೆಯಷ್ಟು ಗುಬುಟು. ಎರಡೂ ಕಡೆಯಿಂದ ಹಾಕಬಹುದಾದ ಈ ಬ್ರೇಕಿಗೆ ಮಾರ್ಟನ್ ಬ್ರೇಕ್ ಅನ್ನುತ್ತಾರೆ, ಅದರ ಜೀವವೇ ಆ ಗುಬುಟು. ಈ ಗಾಡಿಯನ್ನು ಎಂದೂ ಕಣ್ಣಲ್ಲಿ ಕಾಣದ ಮನುಷ್ಯ ಹುಬ್ಬಳ್ಳಿಯಲ್ಲಿ ಕೂತು ಹೇಳಿದ್ದರು.

ಆಮೇಲೆ ಆ ಬ್ಲಾಕುಗಳನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಈ ಅಳತೆಗೆ ಎರಡು ಹಳಿಗಳ ನಡುವೆ 18.83 ಮಿ.ಮೀ. ಅಂತರ ಇರಬೇಕು, ಆದರೆ ರೂಢಿಯಲ್ಲಿರುವುದು 16.5. ಚಕ್ರಗಳು ಒಳಕ್ಕೆ ಸರಿದಿರುತ್ತವೆ, ಬ್ಲಾಕುಗಳು ಮಾತ್ರ ಹೊರಗಡೆ ಗಾಳಿಗೆ ಬ್ರೇಕ್ ಹಾಕುತ್ತ ನಿಂತಿರುತ್ತವೆ. ಅವನ್ನು ಬ್ಲೇಡಿನಿಂದ ಕತ್ತರಿಸಿ, ಹಿಂದೆ ಪ್ಲಾಸ್ಟಿಕ್ ಚೂರು ಕೊಟ್ಟು, ಚಕ್ರದ ನೇರಕ್ಕೆ ತಂದು ಕೂಡಿಸುವಷ್ಟರಲ್ಲಿ ಹೊರಗೆ ಕತ್ತಲಾಗಿತ್ತು.

ಉಳಿದದ್ದು ಬೇಗ ಮುಗಿಯಿತು. ಎರಡು ಅಚ್ಚಿನ ಗಾಡಿ 50 ಗ್ರಾಂ ತೂಗಿದರೆ ನೆಮ್ಮದಿಯಾಗಿ ಓಡುತ್ತದೆ. ಸೀಸದ ಚೂರಿಗೆ ಬಿಳಿ ಗೋಂದು ಹಾಕಿದರೆ ಕಾಲಾಂತರದಲ್ಲಿ ಉಬ್ಬಿ ಗಾಡಿಯನ್ನೇ ಸೀಳುತ್ತದೆ, ಹಾಗಾಗಿ ಉಕ್ಕಿನ ವಾಷರ್‌ಗಳನ್ನು ತಳಕ್ಕೆ ಅಂಟಿಸಿದೆ. ವ್ಯಾಕ್ಯೂಮ್ ಇಲ್ಲದ ಗಾಡಿಗೆ ಬ್ರಿಟಿಷ್ ರೈಲ್ವೇಸ್ ಬಳಿಯುತ್ತಿದ್ದದ್ದು ಬೂದುಬಣ್ಣ. ಪಕ್ಕದಲ್ಲಿ ಒಂದು ಬಿಳಿ ಓರೆಗೆರೆ, ತುದಿಬಾಗಿಲು ಯಾವ ಕಡೆಗಿದೆ ಎಂದು ತೋರಿಸಲು. ಬಂದರಿನಲ್ಲಿ ಗಾಡಿಯನ್ನೇ ಎತ್ತಿ ಆ ಬಾಗಿಲಿನಿಂದ ಕಲ್ಲಿದ್ದಲು ಸುರಿಯುತ್ತಿದ್ದರು. ನನಗೆ ಹೆಚ್ಚು ಖುಷಿ ಕೊಟ್ಟದ್ದು ತುಕ್ಕು. ಕಂದು, ಕಿತ್ತಳೆ, ಸ್ವಲ್ಪ ಕಪ್ಪು ಬಣ್ಣದಲ್ಲಿ ಸ್ಪಂಜಿನ ಚೂರು ಅದ್ದಿ ತಟ್ಟುತ್ತ ಹೋದರೆ ಇಪ್ಪತ್ತು ವರ್ಷದ ಮಳೆ ಒಂದೇ ಸಂಜೆಗೆ ಸುರಿದಂತಾಗುತ್ತದೆ.

ಮರುದಿನ ಅಪ್ಪನಿಗೆ ತೋರಿಸಿದೆ. ಬ್ಲಾಕ್ ನೋಡಿ ತಲೆದೂಗಿದರು. ಗೋಡೆ ನೋಡಿ ಮುಖ ಕಿವುಚಿದರು.

"ಬಣ್ಣ ಬಳಿದು ಮತ್ತ ಹೊಲಸು ಮಾಡೀಯಲ್ಲೋ! ಇಂಥಾ ಗಾಡಿ ನಮ್ಮ ಶಾಪಿನಿಂದ ಹೊರಗ ಬಿಡತಿದ್ದಿಲ್ಲ."

"ಹೌದ್ರಿ ಅಪ್ಪಾ" ಎಂದು ಫೋನಿಟ್ಟು, ಒಳಗೋಡೆಗೆ ಇನ್ನಷ್ಟು ತುಕ್ಕು ತಟ್ಟಿದೆ.