ಎಲ್‌ಎಲ್‌ಸಿ ಹೆಸರು ಬದಲಿಸುವ ಮೊದಲು ಹಳೇ ಕಾಗದ ತೆಗೆದು ಓದಿ

ಅಮೆರಿಕದ ಟೆಕ್ಸಸ್‌ನಲ್ಲಿ ನಾವು ಮೂವರು ಗೆಳೆಯರು ಸೇರಿ ಒಂದು ಎಲ್‌ಎಲ್‌ಸಿ, ಅಂದರೆ ಮಾಲೀಕರ ಹೊಣೆ ಸೀಮಿತವಾಗಿರುವ ಕಂಪನಿ, ಮಾಡಿಕೊಂಡಿದ್ದೆವು. ಒಬ್ಬ ಗೆಳೆಯ ಬೇರೆ ಕೆಲಸ ಹಿಡಿದು ಹೊರಗೆ ಹೋದ. ಅಷ್ಟರಲ್ಲಿ ನಾವು ಮಾಡುವ ಕೆಲಸವೂ ಬದಲಾಗಿತ್ತು, ಹಳೇ ಹೆಸರು ಒಪ್ಪುತ್ತಿರಲಿಲ್ಲ. ಹೆಸರು ಬದಲಿಸೋಣ ಅಂತ ಮಾತಾಯಿತು. ಮಾತಾದ ವಾರವೇ ವೆಬ್‌ಸೈಟ್, ಬಿಲ್, ಕಾರ್ಡ್ ಎಲ್ಲದರಲ್ಲೂ ಹೊಸ ಹೆಸರು ಹಾಕಿಬಿಟ್ಟೆವು. ರಾಜ್ಯದ ದಾಖಲೆಯಲ್ಲಿ ಮಾತ್ರ ಹಳೇ ಹೆಸರೇ ಇತ್ತು. ಆಮೇಲೆ ಒಬ್ಬ ಗ್ರಾಹಕರು ಹೊಸ ಹೆಸರಿಗೆ ಚೆಕ್ ಕಳಿಸಿದರು. ಬ್ಯಾಂಕಿನವರು ಆ ಹೆಸರಿನ ಕಂಪನಿ ನಿಮ್ಮದು ಅನ್ನೋದಕ್ಕೆ ಕಾಗದ ಎಲ್ಲಿ ಅಂದರು. ಕೇಳಿದ್ದು ಸರಿಯೇ. ನಮ್ಮ ಹತ್ತಿರ ಕಾಗದ ಇರಲಿಲ್ಲ. ಆ ದುಡ್ಡು ಕೈಗೆ ಬರೋಕೆ ಐದು ವಾರ ಹಿಡಿಯಿತು, ಅದೂ ಕೆಲಸದವರಿಗೆ ಸಂಬಳ ಕೊಡಬೇಕಾದ ಹೊತ್ತಿನಲ್ಲಿ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಏನೇ ಬದಲಾದರೂ ಮೊದಲು ಕಂಪನಿ ಶುರು ಮಾಡಿದಾಗ ರಾಜ್ಯಕ್ಕೆ ಕೊಟ್ಟ ಆ ಒಂದು ಕಾಗದವನ್ನು ಹುಡುಕಿ ತೆಗೆದು, ಸಾಲು ಸಾಲು ಓದಿ. ಟೆಕ್ಸಸ್, ಡೆಲವೇರ್‌ನಲ್ಲಿ ಅದನ್ನು ಸರ್ಟಿಫಿಕೇಟ್ ಆಫ್ ಫಾರ್ಮೇಶನ್ ಅಂತಾರೆ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಫ್ಲೋರಿಡಾದಲ್ಲಿ ಆರ್ಟಿಕಲ್ಸ್ ಆಫ್ ಆರ್ಗನೈಸೇಶನ್. ಆ ಕಾಗದದಲ್ಲಿ ಬರೆದಿರುವುದು ಬದಲಾದರೆ ಮಾತ್ರ ಅಮೆಂಡ್‌ಮೆಂಟ್, ಅಂದರೆ ರಾಜ್ಯಕ್ಕೆ ಕೊಡುವ ತಿದ್ದುಪಡಿ, ಬೇಕಾಗುತ್ತದೆ. ಯಾರಿಗೆ ಎಷ್ಟು ಪಾಲು, ಲಾಭ ಹೇಗೆ ಹಂಚಬೇಕು, ಯಾರಾದರೂ ಬಿಟ್ಟುಹೋದರೆ ಏನು ಅನ್ನೋದೆಲ್ಲ ಸಾಮಾನ್ಯವಾಗಿ ಆಪರೇಟಿಂಗ್ ಅಗ್ರಿಮೆಂಟ್‌ನಲ್ಲಿರುತ್ತದೆ. ಅದು ನಿಮ್ಮ ನಿಮ್ಮ ನಡುವಿನ ಒಪ್ಪಂದ, ಅದನ್ನು ರಾಜ್ಯಕ್ಕೆ ಕೊಡಬೇಕಾಗಿಲ್ಲ. ಡೆಲವೇರ್‌ನ ಕಾಗದದಲ್ಲಂತೂ ಮಾಲೀಕರ ಹೆಸರು ಹಾಕಲೇಬೇಕು ಅಂತಿಲ್ಲ, ಹಾಗಾಗಿ ಪಾಲುದಾರರು ಬದಲಾದರೂ ಅಲ್ಲಿ ತಿದ್ದೋಕೆ ಏನೂ ಇರದಿರಬಹುದು.

ಗೆಳೆಯ ಬಿಟ್ಟುಹೋದದ್ದಕ್ಕೂ ಅಮೆಂಡ್‌ಮೆಂಟ್ ಬೇಕು ಅಂತಲೇ ನಾವು ತಿಳಿದಿದ್ದೆವು. ಟೆಕ್ಸಸ್‌ನಲ್ಲಿ ಬೇಕಾಗಿಲ್ಲ. ಪ್ರತಿ ವರ್ಷ ಮೇ 15ರೊಳಗೆ ರಾಜ್ಯದ ತೆರಿಗೆ ನೋಡಿಕೊಳ್ಳುವ ಕಂಟ್ರೋಲರ್ ಕಚೇರಿಗೆ ಕೊಡುವ ಪಬ್ಲಿಕ್ ಇನ್‌ಫರ್ಮೇಶನ್ ರಿಪೋರ್ಟ್‌ನಲ್ಲಿ ಈಗ ಯಾರಿದ್ದಾರೋ ಅವರ ಹೆಸರು ಹಾಕಿದರೆ ಆಯಿತು. ಕ್ಯಾಲಿಫೋರ್ನಿಯಾದಲ್ಲೂ ವಿಳಾಸ, ಮ್ಯಾನೇಜರ್ ಹೆಸರು ಬದಲಾದರೆ ಎಲ್‌ಎಲ್‌ಸಿ-12 ಫಾರ್ಮ್ ಸಾಕು, ಎಲ್‌ಎಲ್‌ಸಿ-2 ಅನ್ನುವ ಅಮೆಂಡ್‌ಮೆಂಟ್ ಫಾರ್ಮ್ ಬೇಡ. ರಿಜಿಸ್ಟರ್ಡ್ ಏಜೆಂಟ್, ಅಂದರೆ ಕಂಪನಿಯ ಪರವಾಗಿ ಕಾನೂನು ಪತ್ರ ತೆಗೆದುಕೊಳ್ಳುವವರು, ಬದಲಾದರೂ ಅಷ್ಟೇ: ಟೆಕ್ಸಸ್‌ನಲ್ಲಿ ಅದಕ್ಕೆ 401 ಅನ್ನುವ ಬೇರೆ ಫಾರ್ಮ್ ಇದೆ, 15 ಡಾಲರ್. ಇದೇ ಬದಲಾವಣೆಯನ್ನು ಅಮೆಂಡ್‌ಮೆಂಟ್ ಮೂಲಕ ಮಾಡಿದರೆ 150 ಡಾಲರ್. ಕಾಗದ ಓದದೆ ಹೊರಟರೆ ಸುಮ್ನೆ ಜಾಸ್ತಿ ಖರ್ಚು, ಅಲ್ವಾ?

ಹೆಸರು ಬದಲಿಸೋಕೆ ಮಾತ್ರ ಅಮೆಂಡ್‌ಮೆಂಟ್ ಬೇಕೇ ಬೇಕು. ಟೆಕ್ಸಸ್‌ನಲ್ಲಿ ಅದು ಫಾರ್ಮ್ 424, ಫೀಸು 150 ಡಾಲರ್. ಬೇರೆ ಕೆಲವು ಕಡೆ ಇದು ತುಂಬಾ ಕಡಿಮೆ, ಫ್ಲೋರಿಡಾದಲ್ಲಿ 25, ಕ್ಯಾಲಿಫೋರ್ನಿಯಾದಲ್ಲಿ 30, ನ್ಯೂಯಾರ್ಕ್‌ನಲ್ಲಿ 60 ಡಾಲರ್. ಫಾರ್ಮ್ ಚಿಕ್ಕದು. ದಾಖಲೆಯಲ್ಲಿ ಈಗ ಹೆಸರು ಹೇಗಿದೆಯೋ ಹಾಗೇ ಬರೆಯಬೇಕು, ಫೈಲ್ ನಂಬರ್ ಹಾಕಬೇಕು, ಏನು ಬದಲಾಗುತ್ತಿದೆ ಅಂತ ಹೇಳಬೇಕು, ಸಹಿ. ಕೂಡಲೇ ಜಾರಿಗೆ ಬರಬೇಕಾ, ಇಲ್ಲ 90 ದಿನದೊಳಗಿನ ಇನ್ನೊಂದು ತಾರೀಕಿಗಾ ಅಂತಲೂ ಆರಿಸಬಹುದು. ತಿಂಗಳ ಮೊದಲ ದಿನಕ್ಕೆ ಇಟ್ಟುಕೊಂಡರೆ ಲೆಕ್ಕದವರಿಗೆ ಅನುಕೂಲ.

ನಮ್ಮ ಮೊದಲ ಅರ್ಜಿ ವಾಪಸ್ ಬಂತು. ನಾವು ಆರಿಸಿದ ಹೆಸರಿನಲ್ಲೇ ಆಗಲೇ ಒಂದು ಕಾರ್ಪೊರೇಶನ್ ಇತ್ತು. ಅವರದು ಇಂಕ್, ನಮ್ಮದು ಎಲ್‌ಎಲ್‌ಸಿ, ಬೇರೆ ಬೇರೆ ತಾನೇ ಅಂದುಕೊಂಡಿದ್ದೆವು. ಹೆಸರಿನ ಕೊನೆಯ ಆ ಬಾಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ! ಅಷ್ಟು ಹೊತ್ತಿಗೆ ಕಾರ್ಡ್‌ಗಳು ಅಚ್ಚಾಗಿದ್ದವು, ಎಲ್ಲ ದಂಡವಾಯಿತು. ಸಿಗುತ್ತದೋ ಇಲ್ಲವೋ ಅಂತ ಮೊದಲೇ ನೋಡಿಕೊಂಡು, ಬೇಕಿದ್ದರೆ 40 ಡಾಲರ್ ಕಟ್ಟಿ 120 ದಿನಕ್ಕೆ ಹೆಸರನ್ನು ಕಾಯ್ದಿರಿಸಬಹುದಿತ್ತು.

ಇನ್ನೊಂದು ದಾರಿಯೂ ಇದೆ, ಇದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ. ವ್ಯಾಪಾರಕ್ಕೆ ಒಂದು ಬೇರೆ ಹೆಸರು ಬೇಕು ಅಷ್ಟೇ ಅನ್ನುವುದಾದರೆ ಕಂಪನಿ ಹೆಸರನ್ನು ಮುಟ್ಟದೇ ಅಸ್ಯೂಮ್ಡ್ ನೇಮ್ ನೋಂದಾಯಿಸಬಹುದು. ಡಿಬಿಎ ಅಂತಾರಲ್ಲ, ಅದೇ. ಟೆಕ್ಸಸ್‌ನಲ್ಲಿ ಫಾರ್ಮ್ 503, 25 ಡಾಲರ್, ಹತ್ತು ವರ್ಷದವರೆಗೆ ನಡೆಯುತ್ತದೆ. ನಮಗೆ ಹಳೇ ಹೆಸರೇ ಬೇಡವಾಗಿತ್ತು, ಅದಕ್ಕೆ ಆ ಕಡೆ ಹೋಗಲಿಲ್ಲ.

ಎರಡನೇ ಸಲ ಒಪ್ಪಿಗೆಯಾಯಿತು. ರಾಜ್ಯದ ಮುದ್ರೆ ಇರುವ ಕಾಗದ ಬಂತು. ಅದನ್ನು ಹಿಡಿದುಕೊಂಡೇ ಬ್ಯಾಂಕಿಗೆ ಹೋಗಿದ್ದು. ಖಾತೆ ನಂಬರ್ ಅದೇ ಉಳಿಯಿತು, ಹೆಸರು ಮಾತ್ರ ಬದಲಾಯಿತು.

ಐಆರ್‌ಎಸ್, ಅಂದರೆ ಕೇಂದ್ರದ ತೆರಿಗೆ ಇಲಾಖೆಯ ವಿಷಯದಲ್ಲಿ ನನಗೆ ಜಾಸ್ತಿ ಹೆದರಿಕೆ ಇತ್ತು, ಆದರೆ ಅಲ್ಲಿ ಸುಲಭವಾಯಿತು. ಬರೀ ಹೆಸರು ಬದಲಾದರೆ ಇಐಎನ್, ಅಂದರೆ ಕಂಪನಿಯ ತೆರಿಗೆ ನಂಬರ್, ಬದಲಾಗುವುದಿಲ್ಲ. ನಮ್ಮದು ತೆರಿಗೆಯ ಲೆಕ್ಕದಲ್ಲಿ ಪಾರ್ಟ್‌ನರ್‌ಶಿಪ್ ಆಗಿರುವ ಎಲ್‌ಎಲ್‌ಸಿ, ತೆರಿಗೆ ರಿಟರ್ನ್ ಆದ ಫಾರ್ಮ್ 1065ರಲ್ಲಿ ಹೆಸರು ಬದಲಾಗಿದೆ ಅನ್ನುವ ಚೌಕದಲ್ಲಿ ಗುರುತು ಹಾಕಿದರೆ ಸಾಕು. ಆದರೆ ನಾವು ಮರೆಯುತ್ತಿದ್ದದ್ದು ಬೇರೆ. ಇಐಎನ್ ತೆಗೆದುಕೊಂಡಾಗ ರೆಸ್ಪಾನ್ಸಿಬಲ್ ಪಾರ್ಟಿ, ಅಂದರೆ ಕಂಪನಿಯ ಹೊಣೆ ಹೊತ್ತವರು, ಅಂತ ಹಾಕಿದ್ದು ಹೊರಗೆ ಹೋದ ಗೆಳೆಯನ ಹೆಸರನ್ನು. ಅದು ಬದಲಾದರೆ 60 ದಿನದೊಳಗೆ ಫಾರ್ಮ್ 8822-ಬಿ ಕಳಿಸಬೇಕು. 54ನೇ ದಿನ ಕಳಿಸಿದೆವು. ಮೂವರಲ್ಲಿ ಇಬ್ಬರು ಉಳಿದದ್ದರಿಂದ ತೆರಿಗೆಯ ಲೆಕ್ಕ ಹಾಗೇ ಇದೆ. ಇಬ್ಬರಿದ್ದು ಒಬ್ಬರೇ ಉಳಿದರೆ ಅದು ಪಾರ್ಟ್‌ನರ್‌ಶಿಪ್ ಆಗಿ ಉಳಿಯುವುದಿಲ್ಲ, ಹಾಗಿದ್ದರೆ ದಯವಿಟ್ಟು ಮೊದಲು ಸಿಪಿಎ, ಅಂದರೆ ಲೆಕ್ಕಪರಿಶೋಧಕರ ಹತ್ತಿರ ಮಾತಾಡಿ.

ಬೇರೆ ರಾಜ್ಯದಲ್ಲೂ ವ್ಯಾಪಾರಕ್ಕೆ ನೋಂದಾಯಿಸಿಕೊಂಡಿದ್ದರೆ ಅಲ್ಲೂ ಹೆಸರು ತಿದ್ದಿಸಬೇಕು. ಮತ್ತೆ, ಈ ದಾಖಲೆಗಳು ಎಲ್ಲರೂ ನೋಡಬಹುದಾದವು, ಹಾಗಾಗಿ ಅಮೆಂಡ್‌ಮೆಂಟ್ ಆದ ಮೇಲೆ ಸರ್ಕಾರದ್ದೇ ಅನ್ನುವ ಹಾಗೆ ಕಾಣುವ ಪತ್ರಗಳು ಅಂಚೆಯಲ್ಲಿ ಬರಬಹುದು, ಈ ಸರ್ಟಿಫಿಕೇಟ್‌ಗೆ ಇಷ್ಟು ಕಟ್ಟಿ ಅಂತ. ನಮಗೆ ಎರಡು ಬಂದವು. ದುಡ್ಡು ಕಟ್ಟುವ ಮೊದಲು ಕಂಪನಿಗಳ ದಾಖಲೆ ಇಡುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ನೀವೇ ಫೋನ್ ಮಾಡಿ ಕೇಳಿ, ಪತ್ರದಲ್ಲಿರುವ ನಂಬರಿಗೆ ಮಾಡಲೇಬೇಡಿ.